ಕಿಲೋಮೀಟರ್ ಲೆಕ್ಕ ನಂಬಿ ಮುಂದಿನ ವಿಮಾನದ ಟಿಕೆಟ್ ತೆಗೆಯಬೇಡಿ

ಸ್ಯಾನ್‌ಫ್ರಾನ್ಸಿಸ್ಕೋದಿಂದ ಅಪ್ಪ-ಅಮ್ಮನನ್ನು ಊರಿಗೆ ಕಳಿಸುವವರು ಮತ್ತೆ ಮತ್ತೆ ಎಡವುವ ಜಾಗ ಇದು. ವಿಮಾನ ಶನಿವಾರ ರಾತ್ರಿ 8:30ಕ್ಕೆ. ದೂರ ತೋರಿಸುವ ಪುಟ ತೆರೆದರೆ ಬೆಂಗಳೂರಿಗೆ ಹದಿನೈದೂವರೆ ಗಂಟೆ ಎನ್ನುತ್ತದೆ. ಹಾಗಾದರೆ ಭಾನುವಾರ ಮಧ್ಯಾಹ್ನ ಇಳಿಯುತ್ತಾರೆ ಎಂದುಕೊಂಡು ಅದೇ ಸಂಜೆಯ ಮಂಗಳೂರು ವಿಮಾನಕ್ಕೆ ಬೇರೆ ಟಿಕೆಟ್ ತೆಗೆದಿರುತ್ತಾರೆ. ಆ ವಿಮಾನ ಹೊರಡುವ ಹೊತ್ತಿಗೆ ಹಿರಿಯರು ಅರ್ಧ ದಾರಿಯಲ್ಲಿ, ಆಕಾಶದಲ್ಲೇ ಇರುತ್ತಾರೆ.

ಏರ್ ಇಂಡಿಯಾ 2021ರ ಜನವರಿ 9ರಂದು ಈ ಮಾರ್ಗದಲ್ಲಿ ಹಾರಿಸಿದ ಮೊದಲ ನೇರ ವಿಮಾನದ ವೇಳಾಪಟ್ಟಿಯನ್ನೇ ನೋಡಿ: ಅಲ್ಲಿ ಶನಿವಾರ ರಾತ್ರಿ 8:30, ಇಲ್ಲಿ ಸೋಮವಾರ ಬೆಳಗಿನ ಜಾವ 3:45. ಚಳಿಗಾಲದಲ್ಲಿ ನಮ್ಮ ಗಡಿಯಾರ ಅಲ್ಲಿಗಿಂತ 13 ಗಂಟೆ 30 ನಿಮಿಷ ಮುಂದೆ. ಅಂದರೆ ಹೊರಟಾಗ ಇಲ್ಲಿ ಭಾನುವಾರ ಬೆಳಿಗ್ಗೆ 10. ಆ ಹೊತ್ತಿನಿಂದ ಎಣಿಸಿದರೆ ಪ್ರಯಾಣ 17 ಗಂಟೆ 45 ನಿಮಿಷ. ಮಾರ್ಚ್‌ನ ಎರಡನೇ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ವ್ಯತ್ಯಾಸ 12 ಗಂಟೆ 30 ನಿಮಿಷಕ್ಕೆ ಇಳಿಯುತ್ತದೆ, ಅದೂ ನೆನಪಿರಲಿ. ಟಿಕೆಟ್ಟಿನಲ್ಲಿ ಇಳಿಯುವ ಸಮಯದ ಪಕ್ಕ ಚಿಕ್ಕದಾಗಿ ‘+2’, ಅಂದರೆ ಹೊರಟ ದಿನದಿಂದ ಎರಡು ದಿನದ ನಂತರ, ಎಂದಿರುತ್ತದೆ. ಕನ್ನಡಕ ಹಾಕಿಕೊಂಡೇ ಓದಿ.

ಹದಿನೈದೂವರೆ ಎಲ್ಲಿಂದ ಬಂತು? ಭೂಗೋಳದ ಮೇಲೆ ಅತಿ ಹತ್ತಿರದ ಗೆರೆ ಎಳೆದರೆ 13,993 ಕಿ.ಮೀ. ಅದನ್ನು ಗಂಟೆಗೆ 900ರಿಂದ ಭಾಗಿಸಿದ್ದಾರೆ, ಅಷ್ಟೇ. ಮೇಲೇರುವಾಗ, ಇಳಿಯುವಾಗ ಆ ವೇಗ ಇರುವುದಿಲ್ಲ. ಎದುರುಗಾಳಿ, ರನ್‌ವೇಗೆ ಸಾಗುವ ಹೊತ್ತು, ಸುತ್ತುದಾರಿ ಯಾವುದೂ ಆ ಲೆಕ್ಕದಲ್ಲಿಲ್ಲ. 2025ರ ಏಪ್ರಿಲ್ 24ರಂದು ಪಾಕಿಸ್ತಾನ ನಮ್ಮ ವಿಮಾನಗಳಿಗೆ ತನ್ನ ವಾಯುಪ್ರದೇಶ ಮುಚ್ಚಿದ ಮೇಲೆ ದೆಹಲಿಯಿಂದ ಅಮೆರಿಕಕ್ಕೆ ನೇರ ಹೋಗುತ್ತಿದ್ದ ಕೆಲವು ವಿಮಾನಗಳು ಇಂಧನಕ್ಕಾಗಿ ವಿಯೆನ್ನಾದಲ್ಲಿ ಇಳಿಯಬೇಕಾಯಿತು. ದೂರ ತೋರಿಸುವ ಪುಟದಲ್ಲಿ ಮಾತ್ರ ಒಂದು ನಿಮಿಷವೂ ಬದಲಾಗಲಿಲ್ಲ!

ದುಬೈ ಮೂಲಕವಾದರೆ ಹಾರುವ ದೂರವೇ ಸುಮಾರು 15,700 ಕಿ.ಮೀ. ಕಾಯುವ ಹೊತ್ತು ಸೇರಿದರೆ ಒಂದು ದಿನ ಕಳೆಯಿತೆಂದೇ ಇಟ್ಟುಕೊಳ್ಳಿ.

ದಿನ ಸರಿಯಿದ್ದರೂ ಬೇರೆ ಬೇರೆ ಟಿಕೆಟ್‌ನಲ್ಲಿ ಇನ್ನೊಂದು ಪೆಟ್ಟಿದೆ. ಇಮಿಗ್ರೇಶನ್, ಲಗೇಜು, ಕಸ್ಟಮ್ಸ್ ಮುಗಿಸಿ ಹೊರಬಂದು ಮತ್ತೆ ಚೆಕ್-ಇನ್ ಮಾಡಬೇಕು. ದೇಶದೊಳಗಿನ ಕೌಂಟರ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಬೆಂಗಳೂರಿನಲ್ಲಿ ಅಂತರರಾಷ್ಟ್ರೀಯ ವಿಮಾನ ಇಳಿಯುವುದು ಎರಡನೇ ಟರ್ಮಿನಲ್‌ನಲ್ಲಿ, ಮುಂದಿನದು ಒಂದನೆಯದರಿಂದ ಇದ್ದರೆ ಶಟಲ್ ಬಸ್ ಬೇರೆ. ನಾಲ್ಕೈದು ಗಂಟೆ ಬಿಡುವು ಇಡಿ. ಅಮೆರಿಕದಿಂದ 23 ಕಿಲೋದ ಎರಡು ಪೆಟ್ಟಿಗೆ ತಂದವರಿಗೆ ಇಲ್ಲಿ 15 ಕಿಲೋ ಮಿತಿ, ಮಿಕ್ಕಿದ್ದಕ್ಕೆ ಕಿಲೋ ಲೆಕ್ಕದಲ್ಲಿ ದುಡ್ಡು. ಮಂಗಳೂರಿನವರೆಗೆ ಒಂದೇ ಪಿಎನ್‌ಆರ್ (ಬುಕಿಂಗ್ ಸಂಖ್ಯೆ) ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಅದನ್ನೇ ತೆಗೆಯಿರಿ. ಮೊದಲ ವಿಮಾನ ತಡವಾದರೆ ಮುಂದಿನದಕ್ಕೆ ಹತ್ತಿಸುವ ಹೊಣೆ ಆಗ ಕಂಪನಿಯದು.

ಈಗಾಗಲೇ ತಪ್ಪು ದಿನಕ್ಕೆ ತೆಗೆದಿದ್ದರೆ ವಿಮಾನ ಹೊರಡುವ ಮೊದಲೇ ದಿನಾಂಕ ಬದಲಿಸಿ. ಒಮ್ಮೆ ವಿಮಾನಕ್ಕೆ ಬಾರದೆ ‘ನೋ ಶೋ’ ಆದರೆ ಮೂಲ ದರ ಹೋದಂತೆಯೇ. ಸರ್ಕಾರಿ ತೆರಿಗೆ ಮತ್ತು ಯುಡಿಎಫ್ (ವಿಮಾನ ನಿಲ್ದಾಣದ ಬಳಕೆ ಶುಲ್ಕ) ಮಾತ್ರ ಆಗಲೂ ವಾಪಸ್ ಕೊಡಬೇಕೆಂಬುದು ವಿಮಾನಯಾನ ನಿಯಂತ್ರಕ ಡಿಜಿಸಿಎ ನಿಯಮ, ಅದನ್ನು ಬರವಣಿಗೆಯಲ್ಲಿ ಕೇಳಿ ಪಡೆಯಿರಿ.