ವೈಕಿಕಿ ಸಬ್‌ಮರೀನ್: ಎಲ್ಲರೂ ಮೀನು ನೋಡಿದರು, ನಾನು ಎಸಿ ನೋಡಿದೆ

ಮಂಗಳೂರಿನಲ್ಲಿ ಎಸಿ ರಿಪೇರಿ ಮಾಡಿಕೊಂಡೇ ತಲೆ ಹಣ್ಣಾದವನು ನಾನು. ಹವಾಯಿಗೆ ಹೋದಾಗ ಮಗಳು ವೈಕಿಕಿ ಕಡಲತೀರದ ಅಟ್ಲಾಂಟಿಸ್ ಎಂಬ ಪ್ರವಾಸಿ ಸಬ್‌ಮರೀನ್‌ಗೆ ಟಿಕೆಟ್ ಮಾಡಿಸಿದಳು. ಮೀನು, ಹವಳ ಅಂತೆಲ್ಲ ಅವಳು ಹೇಳುತ್ತಿದ್ದರೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಅಷ್ಟು ಜನರನ್ನು ಒಳಗೆ ಹಾಕಿ ಮುಚ್ಚಳ ಮುಚ್ಚಿದರೆ ಸೆಕೆ ಆಗುವುದಿಲ್ವಾ?

ಲೆಕ್ಕ ಹಾಕಿ ನೋಡಿ. ನಾವು ಹತ್ತಿದ್ದು 64 ಸೀಟಿನದು. ಸುಮ್ನೆ ಕೂತ ಒಬ್ಬ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಬಿಸಿ ಬರುತ್ತದೆ. ಸೀಟೆಲ್ಲ ತುಂಬಿದರೆ 6.4 ಕಿಲೋವ್ಯಾಟ್. ಬರೀ ಜನರ ಬಿಸಿ ತೆಗೆಯಲಿಕ್ಕೇ ಹತ್ತಿರ ಹತ್ತಿರ ಎರಡು ಟನ್ ಎಸಿ ಬೇಕು, ಯಂತ್ರಗಳದ್ದು ಬೇರೆ. ಅದಕ್ಕಿಂತ ಕಷ್ಟ ಕೊಡುವುದು ನೀರಾವಿ. ಉಸಿರು, ಬೆವರು ಸೇರಿ ಒಬ್ಬರಿಂದ ಗಂಟೆಗೆ 50 ಗ್ರಾಂ ಹತ್ತಿರ ಬರುತ್ತದೆ. ಎಲ್ಲರದ್ದೂ ಕೂಡಿಸಿದರೆ ಮೂರು ಲೀಟರಿಗೂ ಜಾಸ್ತಿ. ಕಿಟಕಿ ತೆಗೆಯುವ ಹಾಗಿಲ್ಲ. ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರಲು ಸಣ್ಣ ಸಬ್‌ಮರೀನ್‌ಗಳಲ್ಲಿ ಸೋಡಾ ಲೈಮ್ ಎಂಬ ಸುಣ್ಣದ ಹರಳು ಇಡುವುದುಂಟು. ಅದೂ ಕೆಲಸ ಮಾಡುವಾಗ ಬಿಸಿಯಾಗಿ ಇನ್ನಷ್ಟು ಆವಿ ಬಿಡುತ್ತದೆ. ಇಷ್ಟರ ಮೇಲೆ ಇದು ಬ್ಯಾಟರಿಯಲ್ಲಿ ಓಡುವ ಗಾಡಿ. ಮನಸ್ಸಿಗೆ ಬಂದಷ್ಟು ದೊಡ್ಡ ಎಸಿ ಕೂರಿಸುವಂತಿಲ್ಲ.

ಹಿಲ್ಟನ್ ಹೋಟೆಲಿನ ಜೆಟ್ಟಿಯಿಂದ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಸಬ್‌ಮರೀನ್ ಸಮುದ್ರದಲ್ಲೇ ಕಾಯುತ್ತಿರುತ್ತದೆ. ಏಣಿಯಲ್ಲಿ ಹಿಮ್ಮುಖವಾಗಿ ಇಳಿಯಬೇಕು. ಮಧ್ಯದಲ್ಲಿ ಬೆನ್ನಿಗೆ ಬೆನ್ನು ಕೊಟ್ಟ ಸೀಟು, ಎದುರಿಗೆ ದುಂಡನೆಯ ಕಿಟಕಿ. ಹ್ಯಾಚ್, ಅಂದರೆ ಮೇಲಿನ ಮುಚ್ಚಳ, ತೆರೆದಿರುವವರೆಗೆ ಹೊರಗಿನ ಗಾಳಿಯೇ ಒಳಗೂ ಇತ್ತು. ಮುಚ್ಚಿ ಸ್ವಲ್ಪ ಹೊತ್ತಿಗೆ ಕುತ್ತಿಗೆಯ ಹಿಂದಿನ ಬೆವರು ಆರಿತು. ಬರೀ ತಂಪಾಗಿದ್ದಲ್ಲ, ಒಣಗಿತು. ಅದೇ ಮುಖ್ಯ. ನಮ್ಮೂರಲ್ಲಿ ಸಣ್ಣ ಕೋಣೆಗೆ ದೊಡ್ಡ ಎಸಿ ಹಾಕಿಸಿಕೊಂಡವರ ಮನೆಗೆ ಹೋಗಿ ನೋಡಿ. ಕೋಣೆ ಬೇಗ ತಂಪಾಗುತ್ತದೆ, ಕಂಪ್ರೆಸರ್ ಬೇಗ ನಿಲ್ಲುತ್ತದೆ, ತೇವ ಹಾಗೇ ಉಳಿಯುತ್ತದೆ. ಚಳಿಯೂ ಹೌದು, ಅಂಟೂ ಹೌದು.

ನಾನು ಎರಡು ಪರೀಕ್ಷೆ ಮಾಡಿದೆ. ಕಿಟಕಿಯ ಸುತ್ತಲಿನ ಅಂಚಿನ ಮೇಲೆ ಬೆರಳು ಎಳೆದೆ. ನೀರು ಕಟ್ಟುವುದಿದ್ದರೆ ಮೊದಲು ಲೋಹಕ್ಕೇ ಕಟ್ಟುತ್ತದೆ, ಕಿಟಕಿಯ ದಪ್ಪ ಅಕ್ರಿಲಿಕ್ ಪ್ಲಾಸ್ಟಿಕ್‌ಗೆ ಆಮೇಲೆ. ಬೆರಳಿಗೆ ಪಸೆಯೂ ಅಂಟಲಿಲ್ಲ. ಆಮೇಲೆ ಕಿಟಕಿಗೆ ಹಾ ಎಂದು ಉಸಿರು ಬಿಟ್ಟೆ. ಬಿಳಿ ಮಂಜು ಕಟ್ಟಿತು, ನೋಡುತ್ತಿದ್ದಂತೆ ಅಂಚಿನಿಂದ ಕರಗಿ ಹೋಯಿತು. ಪಕ್ಕದ ಹುಡುಗ ನನ್ನನ್ನೇ ನೋಡುತ್ತಿದ್ದ. ಹೆಂಡತಿ ಮೊಣಕೈಯಲ್ಲಿ ತಿವಿದಳು, "ಮೀನು ನೋಡಿ ಮಾರಾಯ್ರೆ!"

ಹವಾಯಿಯ ಸಮುದ್ರ ಬೆಚ್ಚಗಿರುತ್ತದೆ, ಸುಮಾರು 25 ಡಿಗ್ರಿ. ಒಳಗೆ 26 ಡಿಗ್ರಿ, ಶೇಕಡಾ 60 ತೇವ ಇದ್ದರೆ ನೀರು ಕಟ್ಟಲು 18 ಡಿಗ್ರಿಯಷ್ಟು ತಣ್ಣನೆಯ ಜಾಗ ಬೇಕು. ಅದು ಕಿಟಕಿಯಲ್ಲಿ ಎಲ್ಲಿಂದ ಬರಬೇಕು? ಒಳಗೆ 28 ಡಿಗ್ರಿ, ಶೇಕಡಾ 85 ಆಗಲು ಬಿಟ್ಟರೆ ಮಾತ್ರ ಲೋಹ ಬೆವರಲು ಶುರು, ತೇವ ಇನ್ನೂ ಏರಿದರೆ ಕಿಟಕಿಯೂ ಮಂಜಾಗುತ್ತದೆ, ದುಡ್ಡು ಕೊಟ್ಟವರಿಗೆ ಏನೂ ಕಾಣುವುದಿಲ್ಲ. ಆದರೆ ಬೆಚ್ಚನೆಯ ನೀರು ಒಳಗಿನ ಬಿಸಿಯನ್ನು ಹೆಚ್ಚು ಎಳೆದುಕೊಳ್ಳುವುದಿಲ್ಲ, ಆ ಕೆಲಸ ಬಹುಪಾಲು ಎಸಿಯದ್ದೇ. ತುಂಬಾ ಆಳಕ್ಕೆ ಹೋಗುವ ಅಮೆರಿಕದ ಸಂಶೋಧನಾ ಸಬ್‌ಮರೀನ್ ಆಲ್ವಿನ್‌ನಂಥದ್ದರ ಕಥೆ ಉಲ್ಟಾ. ಟೈಟಾನಿಯಂ ಗೋಳದಲ್ಲಿ ಮೂರು ಜನ, ಹೊರಗೆ ಎರಡು-ಮೂರು ಡಿಗ್ರಿಯ ನೀರು. ಫ್ರಿಜ್‌ನಿಂದ ತೆಗೆದ ಬಾಟಲಿ ಹೊರಗೆ ಬೆವರಿದ ಹಾಗೆ ಅದು ಒಳಗೆ ಬೆವರುತ್ತದೆ. ಒಳಗಿದ್ದವರಿಗೆ ಸ್ವೆಟರ್ ಬೇಕು. ಚೆನ್ನೈನಲ್ಲಿ ತಯಾರಾಗುತ್ತಿರುವ ನಮ್ಮ ದೇಶದ ಆಳಸಮುದ್ರದ ಸಬ್‌ಮರೀನ್ ಮತ್ಸ್ಯ 6000ದಲ್ಲೂ ಮೂರು ಜನಕ್ಕೆ 2.1 ಮೀಟರ್ ಅಗಲದ ಗೋಳ. ಅದರ ಒಳಗಿನ ತೇವ ಹೇಗೆ ಸಂಭಾಳಿಸುತ್ತಾರೆ ಅಂತ ನೋಡುವ ಆಸೆ ನನಗೆ.

ಮೀನಿನ ವಿಷಯಕ್ಕೆ ಬಂದರೆ, 1989ರಲ್ಲಿ ಬೇಕೆಂದೇ ಮುಳುಗಿಸಿದ ವೈಒ-257 ಹಡಗಿನ ಸುತ್ತ ಜಾಸ್ತಿ ಇದ್ದವು. 30 ಮೀಟರ್ ಆಳದಲ್ಲಿ ಮಗಳ ಕೆಂಪು ಕುರ್ತಾ ಕಂದಾಗಿ ಕಂಡಿತು. ಕ್ಯಾಬಿನ್ ಒತ್ತಡ ಮೇಲಿದ್ದಷ್ಟೇ ಇರುವುದರಿಂದ ಕಿವಿ ನೋಯುವುದಿಲ್ಲ. ಪರದೆಯಲ್ಲಿ ಆಳ ತೋರಿಸುತ್ತಾರೆ, ಪಕ್ಕದಲ್ಲಿ ತೇವಾಂಶವನ್ನೂ ತೋರಿಸಿದರೆ ನನ್ನಂಥವರಿಗೆ ಖುಷಿ. ಮಂಡಿನೋವು ಇರುವವರು ಏಣಿಯ ಬಗ್ಗೆ ಮೊದಲೇ ವಿಚಾರಿಸಿಕೊಳ್ಳಿ. ಮಧ್ಯಾಹ್ನದ ಹೊತ್ತಿನ ಟಿಕೆಟ್ ಸಿಕ್ಕರೆ ಒಳ್ಳೆಯದು, ಬಿಸಿಲು ನೇರ ಬಿದ್ದು ಕೆಳಗೆ ಬೆಳಕು ಜಾಸ್ತಿ.