ಏನು ಬೇಕಾದರೂ ಮಾತಾಡುವ ಗುಂಪಿಗೆ ಯಾವುದು ಸರಿ? ವಾಟ್ಸಾಪ್, ಫೇಸ್‌ಬುಕ್, ಟೆಲಿಗ್ರಾಂ ಮೂರರಲ್ಲೂ ನಡೆಸಿ ನೋಡಿದ್ದು

ಗಿಡ ಬೆಳೆಸುವವರ ಗುಂಪು ನಡೆಸೋದು ಸುಲಭ. ಯಾರಾದರೂ ರಾಜಕೀಯ ತಂದರೆ "ಸಾರ್, ಇಲ್ಲಿ ಗಿಡದ ವಿಷಯ ಮಾತ್ರ" ಎಂದರೆ ಮುಗಿಯಿತು. ನಮ್ಮದು ಹಾಗಲ್ಲ. ಮೈಸೂರಿನ ಕುವೆಂಪುನಗರದ ಒಂದಷ್ಟು ಮನೆಯವರು, ಅವರ ನೆಂಟರಿಷ್ಟರು, ಮಂಡ್ಯದಿಂದ ದಿನಾ ರೈಲಿನಲ್ಲಿ ಓಡಾಡುವ ಕೆಲವರು ಸೇರಿ ಮಾಡಿಕೊಂಡ ಗುಂಪು. ಏನು ಬೇಕಾದರೂ ಮಾತಾಡಬಹುದು ಅನ್ನೋದೇ ಅದರ ನಿಯಮ. ಹಾಗಾಗಿ ಯಾವ ಮಾತನ್ನೂ "ಇದು ಇಲ್ಲಿಗೆ ಸೇರಿದ್ದಲ್ಲ" ಎಂದು ತೆಗೆಯುವ ಹಾಗಿಲ್ಲ. ತೆಗೆದರೆ "ನಿಮಗೆ ಆ ಪಕ್ಷ ಇಷ್ಟ, ಅದಕ್ಕೇ ತೆಗೆದ್ರಿ" ಎಂಬ ಮಾತು ಬರುತ್ತದೆ. ಅಡ್ಮಿನ್ ಆದವನು ಇಷ್ಟವಿದ್ದರೂ ಇಲ್ಲದಿದ್ದರೂ ಪಂಚಾಯ್ತಿಗೆ ಕೂರಬೇಕು.

ಆದ್ದರಿಂದ ನಾನು ಮೂರನ್ನೂ ಅಳೆದದ್ದು ಒಂದೇ ಅಳತೆಯಲ್ಲಿ. ಯಾವುದರಲ್ಲಿ ಅಡ್ಮಿನ್ ಕಡಿಮೆ ಪಂಚಾಯ್ತಿ ಮಾಡಬೇಕು? ಎಷ್ಟು ಸ್ಟಿಕರ್ ಇದೆ, ಎಷ್ಟು ದೊಡ್ಡ ವಿಡಿಯೋ ಕಳಿಸಬಹುದು ಅನ್ನೋದೆಲ್ಲ ನನಗೆ ಬೇಕಿಲ್ಲ.

ಮೊದಲು ವಾಟ್ಸಾಪ್. ಎಲ್ಲರೂ ಶುರು ಮಾಡುವುದು ಅಲ್ಲೇ ಅಲ್ವಾ? ಒಂದು ಗುಂಪಿಗೆ 1024 ಜನರ ತನಕ ಸೇರಿಸಬಹುದು. ನಮ್ಮಂಥ ಬಡಾವಣೆಗೆ ಅದು ಧಾರಾಳ. ದೊಡ್ಡ ಲಾಭ ಏನೆಂದರೆ ಯಾರಿಗೂ ಏನೂ ಹೇಳಿಕೊಡಬೇಕಿಲ್ಲ. ಎಪ್ಪತ್ತು ದಾಟಿದ ಅಜ್ಜಿಗೂ ಫೋಟೋ ಹಾಕಲು ಬರುತ್ತದೆ, ಫಾರ್ವರ್ಡ್ ಮಾಡಲು ಇನ್ನೂ ಚೆನ್ನಾಗಿ ಬರುತ್ತದೆ.

ತೊಂದರೆ ಅಂದರೆ ಎಲ್ಲ ಮಾತೂ ಒಂದೇ ಕಾಲುವೆಯಲ್ಲಿ ಹರಿಯುತ್ತದೆ. ಒಂದು ಬೆಳಗ್ಗೆಯ ಉದಾಹರಣೆ ಕೊಡುತ್ತೇನೆ. ಎರಡನೇ ಕ್ರಾಸ್‌ನ ಆಂಟಿ "ಇವತ್ತು ನಲ್ಲೀಲಿ ನೀರು ಬಂತಾ?" ಎಂದು ಕೇಳಿದರು. ಅದರ ಕೆಳಗೆ ಗುಲಾಬಿ ಹೂವಿನ ಶುಭೋದಯಗಳ ಸಾಲು. ಆಮೇಲೆ ಒಬ್ಬರು ನಜರ್‌ಬಾದಿನ ಮೈಲಾರಿ ದೋಸೆಯ ಫೋಟೋ ಹಾಕಿದರು. ಅಲ್ಲಿ ಆ ಹೆಸರಿನ ಹೋಟೆಲು ಎರಡಿವೆ. "ನಿಜವಾದ ಮೈಲಾರಿ ಇದಲ್ಲ" ಎಂದು ಇನ್ನೊಬ್ಬರು. ಬೆಣ್ಣೆಯಿಂದ ಬೆಲೆಗೆ, ಬೆಲೆಯಿಂದ ಜಿಎಸ್‌ಟಿಗೆ, ಜಿಎಸ್‌ಟಿಯಿಂದ ದಿಲ್ಲಿಗೆ ಮಾತು ಹೋಯಿತು. ಕಾಫಿ ಕುಡಿದು ಬರುವಷ್ಟರಲ್ಲಿ ಇಬ್ಬರು ಒಬ್ಬರಿಗೊಬ್ಬರು ಏಕವಚನಕ್ಕೆ ಇಳಿದಿದ್ದರು. ಆಂಟಿಗೆ ನೀರಿನ ಉತ್ತರ ಸಿಗಲೇ ಇಲ್ಲ. ಜಗಳ ನನಗೆ ದೊಡ್ಡದಲ್ಲ, ಊರಲ್ಲಿ ಜಗಳ ಇದ್ದದ್ದೇ. ಆದರೆ ಕೆಲಸಕ್ಕೆ ಬರುವ ಪ್ರಶ್ನೆ ಅದರಡಿ ಹೂತುಹೋಗುತ್ತದಲ್ಲ, ಅದು ಕಷ್ಟ. ಎರಡು ಮೂರು ಸಲ ಹೀಗಾದರೆ ಆಂಟಿ ಕೇಳುವುದನ್ನೇ ಬಿಡುತ್ತಾರೆ. ಕೊನೆಗೆ ಗುಂಪಿನಲ್ಲಿ ಉಳಿಯುವವರು ಜಗಳ ಆಡುವವರು ಮಾತ್ರ.

ಇನ್ನೊಂದು, ಡಿಲೀಟ್ ಮಾಡಿದ ಮೇಲಿನ ಕಥೆ. 2022ರಿಂದ ವಾಟ್ಸಾಪ್‌ನಲ್ಲಿ ಅಡ್ಮಿನ್ ಬೇರೆಯವರ ಮೆಸೇಜನ್ನೂ ಅಳಿಸಬಹುದು. ಒಳ್ಳೆಯದೇ. ಆದರೆ ಅಳಿಸಿದ ಜಾಗದಲ್ಲಿ ಯಾವ ಅಡ್ಮಿನ್ ಅಳಿಸಿದರು ಎಂದು ಹೆಸರು ಸಮೇತ ಕಾಣುತ್ತದೆ. ಸರಿ, ಮುಂದಿನ ಒಂದು ಗಂಟೆ ಅಳಿಸಿದ ಮಾತಿನ ಬಗ್ಗೆ ಅಲ್ಲ, ಅಳಿಸಿದವನ ಬಗ್ಗೆ ಚರ್ಚೆ. "ಏನ್ ಸಾರ್ ಹಾಕಿದ್ರು? ಯಾಕ್ ತೆಗೆದ್ರಿ? ನಮಗೂ ತೋರಿಸಿ." ನೋಡದೇ ಇದ್ದವರಿಗೂ ಈಗ ಅದೇ ಬೇಕು!

ಫೋನ್ ನಂಬರ್ ವಿಷಯ ಎರಡೂ ಕಡೆ ಹರಿತ. ನಂಬರ್ ಎಲ್ಲರಿಗೂ ಕಾಣುವುದರಿಂದ ಜನ ಸ್ವಲ್ಪ ಅಂಕೆಯಲ್ಲಿರುತ್ತಾರೆ. ಇವರು ಹಾಲಿನ ಬೂತ್ ಪಕ್ಕದ ಮನೆಯವರು, ನಾಳೆ ಬೆಳಗ್ಗೆ ಮುಖ ನೋಡಬೇಕು ಅನ್ನೋದು ನೆನಪಿರುತ್ತದೆ. ಆದರೆ ಅಡುಗೆ ಎಣ್ಣೆ ರೇಟಿನ ಬಗ್ಗೆ ಗುಂಪಿನಲ್ಲಿ ಎರಡು ಸಾಲು ಬರೆದ ಒಬ್ಬ ಮೇಡಂಗೆ ಅದೇ ರಾತ್ರಿ ಪರಿಚಯವಿಲ್ಲದ ಸದಸ್ಯನೊಬ್ಬನಿಂದ "ಊಟ ಆಯ್ತಾ" ಅಂತ ಮೆಸೇಜ್ ಬಂತು. ಅವನನ್ನು ಹೊರಗೆ ಹಾಕಿದೆವು. ಆದರೂ ಆ ಮೇಡಂ ಆಮೇಲೆ ಬರೆದದ್ದು ಕಡಿಮೆ. ನಂಬರ್ ಅವನ ಫೋನಿನಲ್ಲಿ ಹಾಗೇ ಇದೆಯಲ್ಲ.

ಅಡ್ಮಿನ್ ಆಗಲು ಜನ ಹೆದರುವುದೂ ಇಲ್ಲೇ ಜಾಸ್ತಿ. "ಯಾರೇ ಏನೇ ಹಾಕಿದರೂ ಅಡ್ಮಿನ್ ಜೈಲಿಗೆ" ಎಂಬ ಫಾರ್ವರ್ಡ್ ವರ್ಷಕ್ಕೊಮ್ಮೆಯಾದರೂ ಸುತ್ತು ಹೊಡೆಯುತ್ತದೆ. ಆದರೆ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿ, ಕೇರಳ ಹೈಕೋರ್ಟ್ 2022ರಲ್ಲಿ, ಸದಸ್ಯ ಹಾಕಿದ ಪೋಸ್ಟಿಗೆ ಬರೀ ಅಡ್ಮಿನ್ ಎಂಬ ಕಾರಣಕ್ಕೆ ಅವನನ್ನು ಹೊಣೆ ಮಾಡಲಾಗದು ಎಂದಿವೆ. ಅಡ್ಮಿನ್‌ಗೂ ಅದರಲ್ಲಿ ಪಾಲಿದ್ದರೆ ಆ ಮಾತು ಬೇರೆ. ಇದನ್ನು ನಮ್ಮ ಗುಂಪಿನಲ್ಲಿ ಹಾಕಿದ ಮೇಲೂ ಇನ್ನೊಬ್ಬ ಅಡ್ಮಿನ್ ಸಿಗಲು ಬಹಳ ದಿನ ಹಿಡಿಯಿತು.

ಫೇಸ್‌ಬುಕ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಅಡ್ಮಿನ್ ಕೈಗೆ ಹೆಚ್ಚು ಅಸ್ತ್ರ ಕೊಡುವುದು ಇದೇ. ಸೇರುವವರಿಗೆ ಮೂರು ಪ್ರಶ್ನೆ ಕೇಳಬಹುದು. ನಾವು "ನಿಮ್ಮ ಮನೆ ಹತ್ತಿರದ ಬಸ್ ಸ್ಟಾಪ್ ಯಾವುದು?" ಎಂದು ಕೇಳುತ್ತಿದ್ದೆವು, ಸಾಲ ಕೊಡ್ತೀವಿ ಅನ್ನುವ ನಕಲಿ ಖಾತೆಗಳು ಅಲ್ಲೇ ನಿಂತುಬಿಡುತ್ತಿದ್ದವು. ಪೋಸ್ಟ್ ಹೊರಬೀಳುವ ಮೊದಲೇ ತಡೆದು ನೋಡಬಹುದು. ಕಾಮೆಂಟ್ ಮಾತ್ರ ನಿಲ್ಲಿಸಿ ಪೋಸ್ಟ್ ಉಳಿಸಬಹುದು. ಒಂದೊಂದು ವಿಷಯದ ಮಾತು ಅದರದೇ ಪೋಸ್ಟಿನ ಕೆಳಗೆ ಇರುತ್ತದೆ, ದೋಸೆ ನೀರಿಗೆ ಬೆರೆಯುವುದಿಲ್ಲ.

ಆದರೆ ಮೊದಲೇ ತಡೆದು ನೋಡುವುದು ಅಂದರೆ ಪ್ರತಿ ಪೋಸ್ಟಿಗೂ ಪಂಚಾಯ್ತಿ. ನನಗೆ ಬೇಡವಾದದ್ದೇ ಅದು. ಆಫೀಸಿನಲ್ಲಿ ಕೂತು "ನನ್ನ ಪೋಸ್ಟ್ ಯಾಕೆ ಇನ್ನೂ ಬಿಟ್ಟಿಲ್ಲ?" ಎಂಬ ಫೋನಿಗೆ ಉತ್ತರ ಕೊಡಬೇಕು. ಮೇಲಾಗಿ ಫೇಸ್‌ಬುಕ್ ತೋರಿಸುವುದು ಸಮಯದ ಸಾಲಿನಲ್ಲಲ್ಲ. ಯಾವುದಕ್ಕೆ ಮಾತು ಜಾಸ್ತಿಯೋ ಅದು ಮೇಲೆ ಬರುತ್ತದೆ, ಮಾತು ಜಾಸ್ತಿ ಬರುವುದು ಜಗಳಕ್ಕೆ. ದೇವರಾಜ ಮಾರುಕಟ್ಟೆಯನ್ನು ಕೆಡವಬೇಕೋ ರಿಪೇರಿ ಮಾಡಬೇಕೋ ಎಂಬ ವಾದ 2016ರಲ್ಲಿ ಅದರ ಒಂದು ಭಾಗ ಕುಸಿದಾಗಿನಿಂದ ಊರಲ್ಲಿ ಇದೆ. ನಮ್ಮಲ್ಲೂ ಒಂದು ಪೋಸ್ಟ್ ಇತ್ತು. ಎಲ್ಲರೂ ಸುಸ್ತಾಗಿ ಬಿಟ್ಟ ಮೇಲೆ ಯಾರೋ ಬಂದು ಒಂದು ಕಾಮೆಂಟ್ ಹಾಕಿದರೆ ಸಾಕು, ಹಳೇ ಜಗಳ ಮತ್ತೆ ಎದ್ದು ಕೂರುತ್ತಿತ್ತು. ಹುಡುಗರಂತೂ ಫೇಸ್‌ಬುಕ್ ಅಂದರೆ ಅಪ್ಪಂದಿರ ಜಾಗ ಎನ್ನುತ್ತಾರೆ, ಒಬ್ಬರೂ ಬರಲಿಲ್ಲ.

ಟೆಲಿಗ್ರಾಂ ನನಗೆ ನಿಜವಾಗಿ ಹಿಡಿಸಿದ್ದು. 2022ರ ಕೊನೆಯಲ್ಲಿ ಅದರಲ್ಲಿ ಟಾಪಿಕ್ಸ್ ಎಂಬ ಸೌಲಭ್ಯ ಬಂತು. ಒಂದೇ ಗುಂಪು, ಒಳಗೆ ಬೇರೆ ಬೇರೆ ಕೋಣೆ. ನೀರು-ಕರೆಂಟು-ಕಸ ಒಂದು, ಊಟ-ತಿಂಡಿ ಒಂದು, ರಾಜಕೀಯ ಒಂದು, ಮಾರಾಟಕ್ಕೆ ಒಂದು. ಬೇಡದ ಕೋಣೆಯನ್ನು ಅವರವರೇ ಮ್ಯೂಟ್ ಮಾಡಿಕೊಳ್ಳಬಹುದು. ಈಗ ನಾನು ಯಾವ ಮಾತು ಸರಿ, ಯಾವುದು ತಪ್ಪು ಎಂದು ಹೇಳಬೇಕಿಲ್ಲ. "ಸಾರ್, ಇದು ಆ ಕೋಣೆಗೆ ಹಾಕಿ" ಎಂದರೆ ಆಯಿತು. ಗಿಡದ ಗುಂಪಿನ ಸುಖ ನಮಗೂ ಸಿಕ್ಕಿತು.

ಇನ್ನೊಂದು ಒಳ್ಳೆಯ ಅಸ್ತ್ರ ಸ್ಲೋ ಮೋಡ್. ಒಬ್ಬರು ಒಂದು ಮೆಸೇಜ್ ಹಾಕಿದ ಮೇಲೆ ಮುಂದಿನದಕ್ಕೆ ಎಷ್ಟು ಹೊತ್ತು ಕಾಯಬೇಕು ಎಂದು ನಿಗದಿ ಮಾಡುವುದು. ಕೆಲವು ಸೆಕೆಂಡಿನಿಂದ ಒಂದು ಗಂಟೆವರೆಗೆ ಇಡಬಹುದು. 2023ರ ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ 5000 ಕ್ಯೂಸೆಕ್ ನೀರು ಬಿಡಬೇಕೆಂಬ ಆದೇಶಕ್ಕೆ ಮಂಡ್ಯ ಬಂದ್ ಆಯಿತಲ್ಲ, ಆ ದಿನಗಳಲ್ಲಿ ನಮ್ಮ ಗುಂಪು ಕುದಿಯುತ್ತಿತ್ತು. ಮಂಡ್ಯದ ಕಡೆ ಗದ್ದೆ ಇರುವವರು ಒಂದು ಕಡೆ, "ಕುಡಿಯೋ ನೀರಿಗೂ ಕಷ್ಟ ಆಗುತ್ತೆ, ಮೊದಲು ಅದು ನೋಡಿ" ಎನ್ನುವ ಮೈಸೂರಿನವರು ಇನ್ನೊಂದು ಕಡೆ. ಐದು ನಿಮಿಷದ ಸ್ಲೋ ಮೋಡ್ ಹಾಕಿದೆ. ಒಂದೊಂದೇ ಪದ ಎಸೆಯುವುದು ನಿಂತಿತು. ಐದು ನಿಮಿಷಕ್ಕೆ ಒಂದೇ ಅವಕಾಶ ಎಂದಾಗ ಜನ ಯೋಚಿಸಿ ಬರೆದರು. ಒಬ್ಬ ಅಣ್ಣ ಕೆಆರ್‌ಎಸ್‌ನ ಪೂರ್ತಿ ಮಟ್ಟ 124.80 ಅಡಿ, ಈಗ ಎಷ್ಟಿದೆ, ನಾಲೆಗೆ ಬಿಟ್ಟರೆ ಭತ್ತಕ್ಕೆ ಎಷ್ಟು ಕಟ್ಟು (ಸರದಿ) ನೀರು ಸಿಗುತ್ತದೆ ಎಂದು ಉದ್ದಕ್ಕೆ ಬರೆದರು. ನಮ್ಮ ಗುಂಪಿನಲ್ಲಿ ನಾನು ಓದಿದ ಅತ್ಯುತ್ತಮ ಬರಹ ಅದು. ಒಂದು ಸಾಲನ್ನೂ ಅಳಿಸಬೇಕಾಗಲಿಲ್ಲ.

ಅಳಿಸಿದರೂ ಟೆಲಿಗ್ರಾಂನಲ್ಲಿ ಗುರುತು ಉಳಿಯುವುದಿಲ್ಲ. ಏನು ಅಳಿಸಿದೆವು ಅನ್ನೋದು 48 ಗಂಟೆ ಅಡ್ಮಿನ್‌ಗಳಿಗೆ ಮಾತ್ರ ಕಾಣುತ್ತದೆ, ನಮ್ಮ ನಮ್ಮಲ್ಲಿ ತಾಳೆ ನೋಡಿಕೊಳ್ಳಬಹುದು. ಗುಟ್ಟಾಗಿ ಅಳಿಸುವುದು ನ್ಯಾಯವೇ ಎಂದು ಕೇಳಿದರೆ ನನ್ನ ಉತ್ತರ ಅರ್ಧಂಬರ್ಧ. ಶಾಂತಿ ಇರುತ್ತದೆ, ನಂಬಿಕೆ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾಗಿ ಅಳಿಸಿದಾಗಲೆಲ್ಲ ಬರೆದವರಿಗೆ ಬೇರೆಯಾಗಿ ಕಾರಣ ಹೇಳುತ್ತಿದ್ದೆವು.

ಹೊಸಬರಿಗೆ ಹಳೆಯ ಮಾತೆಲ್ಲ ಓದಲು ಸಿಗುವಂತೆ ಇಡಬಹುದು, ನಂಬರ್ ಮುಚ್ಚಿಡಬಹುದು. ಎಣ್ಣೆ ರೇಟಿನ ಮೇಡಂ ಇಲ್ಲಿ ಮತ್ತೆ ಬರೆಯಲು ಶುರು ಮಾಡಿದರು. ಆದರೆ ನಂಬರ್ ಕಾಣದಿದ್ದಾಗ ಇನ್ನು ಕೆಲವರ ನಾಲಿಗೆ ಉದ್ದವಾಯಿತು. ಎದುರು ಸಿಕ್ಕಾಗ ಕೈ ಮುಗಿಯುವ ಮನುಷ್ಯರೊಬ್ಬರು ಅಡ್ಡಹೆಸರಿಟ್ಟುಕೊಂಡು ಏನೇನೋ ಬರೆಯುತ್ತಿದ್ದರು. ಯಾರೆಂದು ನಮಗೆಲ್ಲ ಗೊತ್ತಿತ್ತು, ಅವರ ಕಾಗುಣಿತ ತಪ್ಪಿನಿಂದಲೇ! ಜೊತೆಗೆ ಷೇರು ಟಿಪ್ಸ್ ಕೊಡ್ತೀವಿ ಅನ್ನುವವರ ಕಾಟ. ಗುಂಪಿಗೆ ತೆರೆದ ಲಿಂಕ್ ಇಟ್ಟರೆ ಅವರು ಬಂದೇ ಬರುತ್ತಾರೆ.

ಇಷ್ಟಾಗಿಯೂ ಟೆಲಿಗ್ರಾಂ ಸೋತದ್ದು ಬೇರೆ ಕಾರಣಕ್ಕೆ. ಜನ ಬರಲಿಲ್ಲ. "ಅದಕ್ಕೆ ಇನ್ನೊಂದು ಆ್ಯಪ್ ಹಾಕ್ಕೋಬೇಕಾ?" ಎಂದರು ಅರ್ಧ ಜನ. ಹಾಕಿಕೊಂಡವರಲ್ಲೂ ದಿನಾ ತೆರೆದು ನೋಡಿದವರು ಕಡಿಮೆ. ನೀರು ಬಂತಾ ಎಂದು ಕೇಳಿದರೆ ಉತ್ತರ ಸಂಜೆಗೆ ಬರುತ್ತಿತ್ತು. ಅಷ್ಟು ಹೊತ್ತಿಗೆ ನೀರು ಬಂದು ಹೋಗಿರುತ್ತಿತ್ತು.

ಗುಂಪಿನ ಒಬ್ಬ ಸಾಫ್ಟ್‌ವೇರ್ ಹುಡುಗ ಡಿಸ್ಕೋರ್ಸ್ ಹಾಕೋಣ ಎಂದ. ಅದು ಯಾರು ಬೇಕಾದರೂ ಸ್ವಂತ ಸರ್ವರ್‌ನಲ್ಲಿ ನಡೆಸಬಹುದಾದ ಚರ್ಚಾ ವೇದಿಕೆಯ ತಂತ್ರಾಂಶ. ಅದರ ಒಂದು ಆಲೋಚನೆ ನನಗೆ ಬಹಳ ಮೆಚ್ಚುಗೆ. ಸದಸ್ಯರಿಗೆ ಸೊನ್ನೆಯಿಂದ ನಾಲ್ಕರವರೆಗೆ ನಂಬಿಕೆಯ ಮೆಟ್ಟಿಲು ಇದೆ. ಹೊಸಬರಿಗೆ ಕೈ ಕಟ್ಟಿರುತ್ತದೆ, ಓದುತ್ತಾ ಬರೆಯುತ್ತಾ ಹೋದಂತೆ ಅಧಿಕಾರ ತಾನೇ ಬರುತ್ತದೆ. ಕೆಟ್ಟ ಪೋಸ್ಟಿಗೆ ಸದಸ್ಯರೇ "ಇದು ಸರಿಯಿಲ್ಲ" ಎಂದು ಬಾವುಟ ಹಿಡಿದರೆ ಅದು ತಾನಾಗಿ ಮರೆಯಾಗುತ್ತದೆ. ಪಂಚಾಯ್ತಿ ಹಂಚಿಹೋಗುತ್ತದೆ. ಆದರೆ ಸರ್ವರ್ ಬಾಡಿಗೆ, ಬ್ಯಾಕಪ್ಪು, ಸ್ಪ್ಯಾಮ್ ಫೋಲ್ಡರಿಗೆ ಬೀಳುವ ಈಮೇಲು ಇವಕ್ಕೆಲ್ಲ ಒಬ್ಬ ಮನುಷ್ಯ ಬೇಕು. ಹುಡುಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ಅದೂ ನಿಂತಿತು.

ಈಗ ನಾವು ವಾಪಸ್ ವಾಟ್ಸಾಪ್‌ನಲ್ಲೇ ಇದ್ದೇವೆ. ಆದರೆ ಒಂದೇ ಗುಂಪಲ್ಲ, ಕಮ್ಯುನಿಟಿ ಮಾಡಿ ಒಳಗೆ ಬೇರೆ ಬೇರೆ ಗುಂಪು, ಟೆಲಿಗ್ರಾಂನ ಕೋಣೆಗಳ ಹಾಗೇ. ನೀರು-ಕಸದ ಗುಂಪಿಗೆ ಎಲ್ಲರೂ. ರಾಜಕೀಯದ ಗುಂಪಿಗೆ ಕೇಳಿಕೊಂಡು ಬಂದವರು ಮಾತ್ರ, ಅದನ್ನು ರಾತ್ರಿ ಹತ್ತಕ್ಕೆ ಬೀಗ ಹಾಕಿ ಬೆಳಗ್ಗೆ ತೆಗೆಯುತ್ತೇವೆ. ಸ್ಲೋ ಮೋಡ್ ಇಲ್ಲದ ಕೊರತೆ ನನಗೆ ದಿನಾ ಕಾಣುತ್ತದೆ.

ಮಂಡ್ಯದಲ್ಲಿರುವ ನನ್ನ ಷಡ್ಡಕ ತನ್ನೂರಿನ ಹುಡುಗರಿಗೆ ಇಂಥದ್ದೇ ಗುಂಪು ಶುರು ಮಾಡಬೇಕು ಎಂದು ಮೊನ್ನೆ ಕೇಳಿದ. ಅವನಿಗೆ ಟೆಲಿಗ್ರಾಂ ಎಂದೆ. ಅವರಲ್ಲಿ ಹೆಚ್ಚಿನವರು ಸಿನಿಮಾಕ್ಕೋ ಪರೀಕ್ಷೆ ನೋಟ್ಸಿಗೋ ಆಗಲೇ ಅದನ್ನು ಹಾಕಿಕೊಂಡಿದ್ದಾರೆ. ರಾಜಕೀಯದ ಕೋಣೆ ಮೊದಲ ದಿನವೇ ಬೇರೆ ಮಾಡು, ಸೇರಲು ಅಡ್ಮಿನ್ ಒಪ್ಪಿಗೆ ಬೇಕು ಅಂತಿಡು, ಅಡ್ಮಿನ್ ಮೂರು ಜನ ಇರಲಿ, ಮೂವರೂ ಒಂದೇ ಪಕ್ಷದವರಾಗುವುದು ಬೇಡ ಎಂದೆ. "ಮೂರನೇ ಪಕ್ಷದವನನ್ನ ನಮ್ಮೂರಲ್ಲಿ ಎಲ್ಲಿ ಹುಡುಕಲಿ ಭಾವ?" ಎಂದ. ಅದಕ್ಕೆ ಯಾವ ಆ್ಯಪ್‌ನಲ್ಲೂ ಬಟನ್ ಇಲ್ಲ.