ಹಿರಿಯರ ಫೋನಿಗೆ ಯಾವುದು ಒಳ್ಳೆಯದು? ಮೂರು ಬಗೆ ಹಾಕಿಸಿ ನೋಡಿದ್ದು

60 ದಾಟಿದವರ ಫೋನ್ ಖರ್ಚಿಗೆ ಸರ್ಕಾರ ಏನಾದರೂ ಕೊಡುತ್ತದಾ ಅಂತ ನಮ್ಮ ಉಡುಪಿ ಕಡೆ ಆಗಾಗ ಯಾರಾದರೂ ಕೇಳುತ್ತಾರೆ. ಗ್ಯಾಸ್ ಸಬ್ಸಿಡಿಯ ಹಾಗೆ ಖಾತೆಗೆ ಬರುವಂಥದ್ದು ನಮ್ಮಲ್ಲಿಲ್ಲ. ಅಮೆರಿಕದಲ್ಲಿ ಲೈಫ್‌ಲೈನ್ ಎಂಬ ಯೋಜನೆ ಇದೆ, ತಿಂಗಳಿಗೆ 9.25 ಡಾಲರ್ ವರೆಗೆ ಬಿಲ್ಲಿನಲ್ಲಿ ಕಳೆಯುತ್ತಾರೆ. ಅದೂ ವಯಸ್ಸು ನೋಡಿ ಅಲ್ಲ, ಆದಾಯ ನೋಡಿ. ಇಲ್ಲಿ ಏನಾದರೂ ಸಿಗುವುದಿದ್ದರೆ ಫೋನ್ ಕಂಪನಿಗಳಿಗೆ ನಿಯಮ ಹಾಕುವ ಸಂಸ್ಥೆ ಟ್ರಾಯ್ ಮಾಡಿದ ನಿಯಮದಿಂದ, ಇಲ್ಲವೇ ಸರ್ಕಾರದ್ದೇ ಕಂಪನಿಯಾದ ಬಿಎಸ್‌ಎನ್‌ಎಲ್‌ನಿಂದ. ಅಮ್ಮ, ಮಾವ, ದೊಡ್ಡಮ್ಮ ಮೂವರಿಗೂ ಬೇರೆ ಬೇರೆ ಹಾಕಿಸಿದೆ.

ಅಮ್ಮನಿಗೆ ಬರೀ ಮಾತಿನ ಪ್ಯಾಕ್. ಡೇಟಾ ಬೇಡದವರಿಗೆ ಕರೆ ಮತ್ತು ಎಸ್ಎಂಎಸ್ ಮಾತ್ರ ಇರುವ ಪ್ಯಾಕ್ ಕೊಡಲೇಬೇಕು ಅಂತ ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಹೇಳಿತು. 2025ರ ಜನವರಿಯಲ್ಲಿ ಏರ್‌ಟೆಲ್ 84 ದಿನಕ್ಕೆ 469, ವರ್ಷಕ್ಕೆ 1849 ರೂಪಾಯಿ ಇಟ್ಟಿತು. ಜಿಯೋ 84 ದಿನಕ್ಕೆ 448, 336 ದಿನಕ್ಕೆ 1748. ಓದುವಾಗ ಖುಷಿಯಾಗುತ್ತದೆ, ಲೆಕ್ಕ ಹಾಕಿದರೆ ಅಷ್ಟಿಲ್ಲ. ಏರ್‌ಟೆಲ್‌ನಲ್ಲಿ ಅದಕ್ಕೆ ಮುಂಚೆ 1999ಕ್ಕೆ ವರ್ಷವಿಡೀ ಕರೆಯ ಜೊತೆ 24 ಜಿಬಿ ಡೇಟಾ ಇತ್ತು. ಡೇಟಾ ಪೂರ್ತಿ ಹೋಯಿತು, ಇಳಿದದ್ದು 150 ರೂಪಾಯಿ. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1200. ಅದರಲ್ಲೇ ಬದುಕುವ ಅಜ್ಜಿ 1849 ಒಟ್ಟಿಗೆ ಎಲ್ಲಿಂದ ತರಬೇಕು?

ಆದರೂ ಅಮ್ಮನಿಗೆ ಅದೇ ಸರಿ. ಅವರದ್ದು ಕೀಪ್ಯಾಡ್ ಫೋನು. ವಿಡಿಯೋ ಕಾಲ್ ಮಾಡಿ ಪೊಲೀಸ್ ವೇಷದಲ್ಲಿ ಹೆದರಿಸುವವರ ಕಾಟವೂ ಇಲ್ಲ. ಒಂದೇ ಕೊರತೆ ಅಂದರೆ ದುಬೈಯಲ್ಲಿರುವ ತಂಗಿ. ಅಲ್ಲಿಂದ ವಾಟ್ಸಾಪ್ ಕರೆ ಬರುವುದಿಲ್ಲ, ಬೋಟಿಮ್ ಎಂಬ ಆ್ಯಪ್‌ನಲ್ಲಿ ಮಾಡುತ್ತಾಳೆ. ಅದಕ್ಕೂ ಇಲ್ಲಿ ನೆಟ್ ಬೇಕಲ್ವಾ?

ಮಾವನಿಗೆ ಬಿಎಸ್‌ಎನ್‌ಎಲ್‌ನ ಸಮ್ಮಾನ್ ಪ್ಲಾನ್ ಸಿಕ್ಕಿತು. 2025ರ ದೀಪಾವಳಿ ಹೊತ್ತಿಗೆ ಒಂದು ತಿಂಗಳು ಮಾತ್ರ ಇದ್ದ ಆಫರ್, 60 ದಾಟಿದ ಹೊಸ ಗ್ರಾಹಕರಿಗೆ. 1812 ರೂಪಾಯಿಗೆ ವರ್ಷವಿಡೀ ಕರೆ, ದಿನಕ್ಕೆ 2 ಜಿಬಿ, ಸಿಮ್ ಪುಕ್ಕಟೆ. ಏರ್‌ಟೆಲ್‌ನ ವರ್ಷದ ಬರೀ ಮಾತಿನ ಪ್ಯಾಕಿಗಿಂತ 37 ರೂಪಾಯಿ ಕಡಿಮೆ! ಹಿರಿಯರಿಗೆ ಅಂತ ಹೆಸರಿಟ್ಟು ಕೊಟ್ಟದ್ದರಲ್ಲಿ ನನಗೆ ನಿಜವಾಗಿ ಸಹಾಯ ಅನ್ನಿಸಿದ್ದು ಇದೊಂದೇ. ಅದನ್ನು ಒಂದು ತಿಂಗಳಿಗೆ ನಿಲ್ಲಿಸಿದ್ದು ಯಾಕೋ.

ತೊಡಕು ಬೇರೆ ಕಡೆ ಇತ್ತು. ಮಾವ ಹೊಸ ನಂಬರ್ ತಗೊಂಡರು, ಬ್ಯಾಂಕಿನ ಒಟಿಪಿ ಮಾತ್ರ ಹಳೆ ನಂಬರಿಗೇ ಬರುತ್ತದೆ. "ಎಂತ ಮಾರಾಯ, ಒಂದು ಉಳಿಸಲಿಕ್ಕೆ ಹೋಗಿ ಎರಡಕ್ಕೆ ದುಡ್ಡು ಹಾಕುವುದಾ?" ಅಂದರು. ಬ್ಯಾಂಕಿನಲ್ಲಿ ನಂಬರ್ ಬದಲಿಸುವ ತನಕ ಹಳೆಯದನ್ನೂ ರೀಚಾರ್ಜ್ ಮಾಡುತ್ತಾ ಇರಬೇಕಾಯಿತು.

ಇನ್ನು ದೊಡ್ಡಮ್ಮ, ದೊಡ್ಡಪ್ಪ ಇಬ್ಬರೇ ಇರುವ ಕಾರ್ಕಳದ ಮನೆ. ಅಲ್ಲಿಗೆ ಬಿಎಸ್‌ಎನ್‌ಎಲ್ ಫೈಬರ್, ತಿಂಗಳಿಗೆ 449ರದ್ದು. 30 ಎಂಬಿಪಿಎಸ್ ವೇಗ, ಜೊತೆಗೆ ಲ್ಯಾಂಡ್‌ಲೈನ್‌ನಲ್ಲಿ ದೇಶದೊಳಗೆ ಎಷ್ಟು ಬೇಕಾದರೂ ಕರೆ. ಮೊಬೈಲ್ ಪ್ಯಾಕಿನ ದರದಲ್ಲಿ ತೆರಿಗೆ ಸೇರಿರುತ್ತದೆ, ಇದರಲ್ಲಿ ಇಲ್ಲ. 18 ಪರ್ಸೆಂಟ್ ಜಿಎಸ್‌ಟಿ ಸೇರಿ ಸುಮಾರು 530 ಆಗುತ್ತದೆ. ಒಬ್ಬರಿಗೆ ಜಾಸ್ತಿ, ಇಬ್ಬರಿಗೆ ಪರವಾಗಿಲ್ಲ. ದೊಡ್ಡಮ್ಮನಿಗೆ ರಿಸೀವರ್ ಎತ್ತಿ ಮಾತಾಡುವುದೇ ಸುಖ, ಸ್ಕ್ರೀನ್ ಉಜ್ಜುವುದು ಆಗುವುದಿಲ್ಲ.

ಆದರೆ ಮಳೆಗಾಲ ನೆನಪಿಡಿ. ಹಳೆ ತಾಮ್ರದ ಲೈನಿಗೆ ಎಕ್ಸ್‌ಚೇಂಜಿನಿಂದಲೇ ಕರೆಂಟ್ ಬರುತ್ತಿತ್ತು, ಮನೆಯಲ್ಲಿ ಕರೆಂಟ್ ಹೋದರೂ ಫೋನ್ ನಡೆಯುತ್ತಿತ್ತು. ಫೈಬರ್‌ನಲ್ಲಿ ಮೋಡೆಮ್‌ಗೆ ಮನೆಯ ಕರೆಂಟೇ ಬೇಕು. ಜೂನ್‌ನಲ್ಲಿ ತಂತಿಯ ಮೇಲೆ ಮರ ಬಿದ್ದು ಕರೆಂಟ್ ಹೋದರೆ, ಆಸ್ಪತ್ರೆಗೆ ಫೋನ್ ಮಾಡಬೇಕಾದ ಹೊತ್ತಿಗೇ ಫೋನ್ ಸತ್ತಿರುತ್ತದೆ. ಮೋಡೆಮ್‌ಗೆ ಸಣ್ಣ ಯುಪಿಎಸ್ ಇಡಲೇಬೇಕು, ಅದರ ಖರ್ಚು ಬೇರೆ.

ಪುಕ್ಕಟೆ ವೈಫೈ ಸಾಕಲ್ವಾ ಅನ್ನುವವರಿಗೆ: ಮಂಗಳೂರು ಸೆಂಟ್ರಲ್ ಸ್ಟೇಷನ್ನಿನ ರೈಲ್‌ವೈರ್‌ನಲ್ಲಿ ಮೊದಲ ಅರ್ಧ ಗಂಟೆ ಉಚಿತ. ಒಳಗೆ ಹೋಗಲು ಮೊಬೈಲಿಗೆ ಬರುವ ಒಟಿಪಿ ಬೇಕು, ಅಂದರೆ ನಂಬರ್ ಹೇಗೂ ಚಾಲ್ತಿಯಲ್ಲಿರಬೇಕು. ರೈಲು ಕಾಯುವವರಿಗೆ ಸರಿ.

ನನ್ನ ಆಯ್ಕೆ ಕೇಳಿದರೆ, ಒಬ್ಬರೇ ಇದ್ದು ಕೀಪ್ಯಾಡ್ ಫೋನ್ ಸಾಕು ಅನ್ನುವವರಿಗೆ 84 ದಿನದ ಮಾತಿನ ಪ್ಯಾಕ್. ಏರ್‌ಟೆಲ್‌ನ ಆ ದರದಲ್ಲಿ ವರ್ಷದ್ದಕ್ಕಿಂತ ದಿನಕ್ಕೆ ಅರ್ಧ ರೂಪಾಯಿ ಜಾಸ್ತಿ ಬೀಳುತ್ತದೆ, ಆದರೆ ಒಮ್ಮೆಗೇ ದೊಡ್ಡ ಮೊತ್ತ ಕೊಡಬೇಕಿಲ್ಲ. ಮಕ್ಕಳು ಗಲ್ಫಿನಲ್ಲಿದ್ದರೆ, ಇಬ್ಬರು ಇರುವ ಮನೆಯಾದರೆ ಫೈಬರ್. ಸಮ್ಮಾನ್ ತರಹದ್ದು ಮತ್ತೆ ಬಂದರೆ ತಗೊಳ್ಳಿ, ಆದರೆ ಮನೆಯ ಒಳಕೋಣೆಯಲ್ಲಿ ಸಿಗ್ನಲ್ ಎಷ್ಟು ಕಡ್ಡಿ ಬರುತ್ತದೆ ಅಂತ ಪಕ್ಕದವರ ಸಿಮ್ ಹಾಕಿ ನೋಡಿದ ಮೇಲೆ.